ಕಾಲೇಜು ಮೈದಾನ ಬರಿದಾದಾಗ ದಂಡಿನ ಹುಡುಗರು ಆಡಿದರು

ತುಮಕೂರಿನ ಶೆಟ್ಟಿಹಳ್ಳಿ ಈಗ ನಗರದೊಳಗೇ ಸೇರಿಹೋಗಿದೆ. ಎಂಬತ್ತು ವರ್ಷಗಳ ಹಿಂದೆ ಈ ಕಡೆಯ ಹುಡುಗ ಪದವಿ ಓದಬೇಕೆಂದರೆ ರೈಲು ಹತ್ತಬೇಕಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಇಲ್ಲವೇ ಮೈಸೂರಿನ ಮಹಾರಾಜ ಕಾಲೇಜು. ಓದಿನ ಜೊತೆಗೆ ಆಟವೂ ಅಲ್ಲೇ. ಆದರೆ ಎರಡನೇ ಮಹಾಯುದ್ಧದ ಹೊತ್ತಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಆಟದ ಋತು ನಿಶ್ಚಿಂತೆಯಿಂದ ದಕ್ಕುವ ಕಾಲ ಅದಾಗಿರಲಿಲ್ಲ.

1942ರ ಮೊದಲ ತಿಂಗಳುಗಳಲ್ಲೇ ಮಲಯ, ಜಾವಾ ಜಪಾನಿನ ಕೈಸೇರಿದವು. ಜಗತ್ತಿನ ರಬ್ಬರಿನ ಬಹುಪಾಲು ಬರುತ್ತಿದ್ದದ್ದು ಆ ಸೀಮೆಯಿಂದ. ಫುಟ್‌ಬಾಲ್ ಚೆಂಡಿನೊಳಗಿನ ಬ್ಲ್ಯಾಡರ್ ಕೂಡ ರಬ್ಬರಿನದೇ. ಅದೇ ವರ್ಷದ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಕರೆ ಬಂತು. ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗಿಳಿದರು. ಅಂದು ಗುಂಡಿಗೆ ಬಲಿಯಾದವರ ಸ್ಮಾರಕ ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದಲ್ಲಿದೆ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ಎಚ್. ನರಸಿಂಹಯ್ಯನವರು ಜೈಲು ಸೇರಿದರು. ಅರ್ಧಕ್ಕೆ ನಿಂತ ಓದನ್ನು ಆಮೇಲೆ ಬಂದು ಮುಗಿಸಿದರು. ಓದೇ ಹೀಗೆ ಮುರಿದುಬಿದ್ದ ಮೇಲೆ ಆಟದ ಮಾತೆಲ್ಲಿ? ಹನ್ನೊಂದು ಜನರ ತಂಡ ಕಟ್ಟುವ ವಯಸ್ಸಿನ ಹುಡುಗರು ಪಿಕೆಟಿಂಗ್‌ನಲ್ಲಿದ್ದರು, ಸೆರೆಮನೆಯಲ್ಲಿದ್ದರು. ಅವರು ಆಡದೆ ಹೋದ ಆ ಪಂದ್ಯಗಳನ್ನೂ ಸ್ವಾತಂತ್ರ್ಯ ಚಳವಳಿಯ ಲೆಕ್ಕಕ್ಕೇ ಸೇರಿಸಬೇಕು ಅನ್ನಿಸುತ್ತದೆ ನನಗೆ.

ಫುಟ್‌ಬಾಲಿನ ದೊಡ್ಡ ಟೂರ್ನಿಗಳೂ ನಿಂತವು. 1940ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಗೆದ್ದ ಡ್ಯುರಾಂಡ್ ಕಪ್ ಮತ್ತೆ ನಡೆದದ್ದು 1950ರಲ್ಲಿ. 1941ರಲ್ಲಷ್ಟೇ ಶುರುವಾಗಿದ್ದ ಸಂತೋಷ್ ಟ್ರೋಫಿ ಮುಂದಿನ ಎರಡು ವರ್ಷ ನಡೆಯಲಿಲ್ಲ.

ಆದರೆ ಬೆಂಗಳೂರಿನ ದಂಡಿನ ಕಥೆಯೇ ಬೇರೆ. 1809ರಿಂದ ಬೆಳೆದ ಈ ಕಂಟೋನ್ಮೆಂಟಿನಲ್ಲಿ ಫುಟ್‌ಬಾಲ್ ಅಂದರೆ ಗಲ್ಲಿಯ ಆಟ. ಎದುರಿಗೆ ಬೂಟು ತೊಟ್ಟ ಗೋರಾ ಸಿಪಾಯಿಗಳ ತಂಡ, ಇತ್ತ ಬರಿಗಾಲಿನ ನಮ್ಮವರು. ಪಾದಕ್ಕೊಂದು ಬಟ್ಟೆ ಪಟ್ಟಿ, ಹೆಚ್ಚೆಂದರೆ ಕಾಲುಚೀಲ. ಆಗಿನ ಚೆಂಡು ದಪ್ಪ ಚರ್ಮದ್ದು, ಮೇಲೆ ದಾರದ ಹೊಲಿಗೆ. ಮಳೆಗೆ ನೆನೆದರೆ ನೀರು ಕುಡಿದು ಕಲ್ಲಾಗುತ್ತಿತ್ತು. ಅಂಥ ಚೆಂಡನ್ನು ಕಾಲ್ಬೆರಳ ತುದಿಯಲ್ಲಿ ತಡೆದು, ಬೂಟು ಬಂದು ಪಾದ ತುಳಿಯುವ ಮೊದಲೇ ಪಕ್ಕದವನಿಗೆ ದಾಟಿಸಬೇಕು. ಚೆಂಡನ್ನು ಹಿಡಿದಿಟ್ಟುಕೊಂಡವನಿಗೆ ಪೆಟ್ಟು ತಪ್ಪಿದ್ದಲ್ಲ. ಈ ಪಾಠ ಕಲಿತ ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡವಾಯಿತು, ಮರುವರ್ಷವೂ ಗೆದ್ದಿತು. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮುಂದೆ ಒಲಿಂಪಿಕ್ಸ್‌ನಲ್ಲಿ ಆಡಿದ ಅಹ್ಮದ್ ಖಾನ್ ಆಗ ಹತ್ತು ಹನ್ನೊಂದರ ಹುಡುಗ. ಯುದ್ಧ ನಡೆದಷ್ಟೂ ಕಾಲ ಅವರಿಗೆ ಕಾಲು ಬಲಿಯುವ ವಯಸ್ಸು.

ಯುದ್ಧ ಮುಗಿದ ಮರುವರ್ಷ, 1946-47ರ ಸಂತೋಷ್ ಟ್ರೋಫಿ ಬೆಂಗಳೂರಿನಲ್ಲೇ ನಡೆಯಿತು. ಫೈನಲ್‌ನಲ್ಲಿ ಬಂಗಾಳವನ್ನು ಮಣಿಸಿ ಮೈಸೂರು ತಂಡ ಕಪ್ ಎತ್ತಿತು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ನಾಯಕ ತಾಲಿಮೆರೆನ್ ಆವೊ ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತಿದ್ದ ನಾಗಾ ತರುಣ. ಗೋಲಿನಲ್ಲಿ ನಿಂತದ್ದು ಬೆಂಗಳೂರಿನ ವರದರಾಜ್. ಮುಂದೆ ಆಡಿದವರಲ್ಲಿ ಅಹ್ಮದ್ ಖಾನ್, ಸಾರಂಗಪಾಣಿ ರಾಮನ್. ಜುಲೈ 31ರಂದು ಇಲ್ಫರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಎರಡು ಪೆನಾಲ್ಟಿ ಕೈತಪ್ಪಿ, 1-2ರಿಂದ ಸೋತರೂ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಹೊಡೆದವರು ರಾಮನ್.

ಆ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ಇದನ್ನು ಬಡತನದ ಕಥೆಯಾಗಿ ಹೇಳುವುದೇ ರೂಢಿ. ನಾನು ಒಪ್ಪುವುದಿಲ್ಲ. ಬಡತನವೂ ಇತ್ತು, ನಿಜ. ಆದರೆ ಬೂಟಿನೆದುರು ವರ್ಷಗಟ್ಟಲೆ ಆಡಿ ಪಳಗಿದ ವಿದ್ಯೆ ಅದು. 1952ರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಎದುರು ಆ ವಿದ್ಯೆಯೂ ಸಾಲದಾಯಿತು: 1-10. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಬೂಟು ಕಡ್ಡಾಯವಾದದ್ದು ಅದಾದ ಮೇಲೆ.