ಯಂತ್ರೋಪಾಧ್ಯಾಯನ ಹಿಂದಿರುವವರು

ರೋಬಾಟ್ ಎಂಬ ಶಬ್ದವು ಕಾರೆಲ್ ಚಾಪೆಕ್ ಎಂಬ ಚೆಕ್ ನಾಟಕಕಾರನು 1920ರಲ್ಲಿ ಪ್ರಕಟಿಸಿದ ನಾಟಕವೊಂದರಿಂದ ಲೋಕಪ್ರಸಿದ್ಧವಾಯಿತು. ಅದನ್ನು ಸೂಚಿಸಿದವನು ಆತನ ಸೋದರನಾದ ಯೋಸೆಫನು. ಅದಕ್ಕೆ ಮೂಲವಾದ ‘ರೋಬೋಟ’ ಎಂಬ ಚೆಕ್ ಪದಕ್ಕೆ, ಒಕ್ಕಲು ಒಡೆಯನಿಗೆ ಕಡ್ಡಾಯವಾಗಿ ಮಾಡಿಕೊಡತಕ್ಕ ದುಡಿಮೆ ಎಂದರ್ಥ. ನಮ್ಮ ಶಾಸನಗಳಲ್ಲಿ ಬರುವ ‘ಬಿಟ್ಟಿ’ಯೂ ಅದಕ್ಕೆ ಮೂಲವಾದ ಸಂಸ್ಕೃತದ ‘ವಿಷ್ಟಿ’ಯೂ ಇದೇ ಜಾತಿಯವು. ಆದುದರಿಂದ ಪಾಠಶಾಲೆಗೆ ಯಂತ್ರಮಾನವನು ಬಂದನೆಂಬ ವಾರ್ತೆಯನ್ನು ಕೇಳಿದಾಗ, ಉಪಾಧ್ಯಾಯರ ಕೆಲಸ ಹೋಯಿತೇ ಎಂದು ವಿಚಾರಿಸುವುದಕ್ಕೆ ಮೊದಲು, ಅಲ್ಲಿ ನಡೆಯುತ್ತಿರುವ ದುಡಿಮೆ ಯಾರದೆಂದು ವಿಚಾರಿಸುವುದು ಶಬ್ದಾರ್ಥಕ್ಕೂ ಅನುಗುಣವಾಗಿದೆ.

ಯಂತ್ರದಿಂದ ಪಾಠ ಹೇಳಿಸುವ ಯತ್ನವು ಹೊಸದಲ್ಲ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಸಿಡ್ನಿ ಪ್ರೆಸ್ಸಿ ಎಂಬ ಮನಶ್ಶಾಸ್ತ್ರಜ್ಞನು 1926ರಲ್ಲಿಯೇ ಅಂತಹ ಪೆಟ್ಟಿಗೆಯೊಂದನ್ನು ವರ್ಣಿಸಿ ಲೇಖನ ಬರೆದನು. ವಿದ್ಯಾರ್ಥಿಯು ಪ್ರಶ್ನೆಯನ್ನೋದಿ ನಾಲ್ಕು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಉತ್ತರಗಳನ್ನು ತಿದ್ದುವ ಬೇಸರದ ಕೆಲಸದಿಂದ ಉಪಾಧ್ಯಾಯರನ್ನು ಬಿಡಿಸಬೇಕೆಂಬುದು ಆತನ ಆಶಯವಾಗಿದ್ದಿತು. 1953ರಲ್ಲಿ ಬಿ. ಎಫ್. ಸ್ಕಿನ್ನರನು ತನ್ನ ಮಗಳ ಗಣಿತದ ತರಗತಿಯನ್ನು ನೋಡಲು ಹೋಗಿ, ಮಾಡಿದ ಲೆಕ್ಕವು ಸರಿಯೋ ತಪ್ಪೋ ಎಂದು ಒಡನೆಯೇ ತಿಳಿಯಲಾರದೆ ಮಕ್ಕಳು ಕುಳಿತಿರುವುದನ್ನು ಕಂಡು, ತಾನೂ ಇಂತಹ ಯಂತ್ರಗಳನ್ನು ಕಟ್ಟತೊಡಗಿದನು. ಈ ಪೆಟ್ಟಿಗೆಗಳು ಸ್ವತಃ ಏನನ್ನೂ ಅರಿಯವು. ಅವುಗಳೊಳಗಿದ್ದುದು ಮನುಷ್ಯರು ಮೊದಲೇ ಬರೆದಿಟ್ಟ ಪ್ರಶ್ನಾವಳಿ. ಅದನ್ನು ಬರೆಯುವ ಶ್ರಮವು ತಿದ್ದುವ ಶ್ರಮಕ್ಕಿಂತ ಕಡಿಮೆಯಲ್ಲವೆಂಬುದನ್ನು ಪ್ರಶ್ನಪತ್ರಿಕೆಯನ್ನು ರಚಿಸಿದವರೆಲ್ಲರೂ ಬಲ್ಲರು.

ದಕ್ಷಿಣ ಕೊರಿಯದ ಡೇಗು ನಗರದ ಪ್ರಸಂಗವು ಇದಕ್ಕಿಂತಲೂ ವಿಚಾರಾರ್ಹವಾದುದು. 2010ನೆಯ ಡಿಸೆಂಬರಿನಲ್ಲಿ ಅಲ್ಲಿಯ ಪ್ರಾಥಮಿಕ ಶಾಲೆಗಳಿಗೆ ಇಂಗ್ಲಿಷ್ ಕಲಿಸುವುದಕ್ಕಾಗಿ ‘ಎಂಗ್‌ಕೀ’ ಎಂಬ 29 ರೋಬಾಟುಗಳು ಬಂದವು. ಬಿಳಿಯ ಬಣ್ಣ, ಮೊಟ್ಟೆಯ ಆಕಾರ, ಸುಮಾರು ಒಂದು ಮೀಟರ್ ಎತ್ತರ. ಅವು ಚಕ್ರಗಳ ಮೇಲೆ ತರಗತಿಯಲ್ಲಿ ಸಂಚರಿಸುತ್ತ ಮಕ್ಕಳೊಡನೆ ಸಂಭಾಷಿಸುತ್ತಿದ್ದವು. ಮುಖವಿರತಕ್ಕ ಸ್ಥಳದಲ್ಲಿ ಒಂದು ಪರದೆ. ಅದರಲ್ಲಿ ಬಿಳಿಯ ಜನಾಂಗದ ಹೆಂಗಸೊಬ್ಬಳ ಚಿತ್ರ. ಆದರೆ ಮಾತು ಯಂತ್ರದ್ದಾಗಿರಲಿಲ್ಲ. ಸಮುದ್ರದಾಚೆ ಫಿಲಿಪ್ಪೀನ್ಸಿನಲ್ಲಿ ಕುಳಿತ ಉಪಾಧ್ಯಾಯರು ದೂರದಿಂದಲೇ ಯಂತ್ರವನ್ನು ನಡೆಸಿ ಪಾಠ ಹೇಳುತ್ತಿದ್ದರು. ಅವರ ಮುಖಭಾವಗಳನ್ನು ಕ್ಯಾಮೆರಾ ಗ್ರಹಿಸಿ, ಆ ಚಿತ್ರದ ಮುಖದಲ್ಲಿ ಮೂಡಿಸುತ್ತಿದ್ದಿತು. ಅಲ್ಲಿಯ ಉಪಾಧ್ಯಾಯರು ಕಡಿಮೆ ಸಂಬಳಕ್ಕೆ ದೊರೆಯುತ್ತಾರೆಂಬುದನ್ನು ಯಂತ್ರವನ್ನು ನಿರ್ಮಿಸಿದವರು ಮುಚ್ಚಿಡಲಿಲ್ಲ. ಎಂದರೆ ಇಲ್ಲಿ ಉಪಾಧ್ಯಾಯರು ತೊಲಗಿದವರಲ್ಲ, ಮರೆಯಾದವರು. ನಗು ಅವರದು, ಉಚ್ಚಾರಣೆ ಅವರದು, ಮಕ್ಕಳ ತಪ್ಪಿಗೆ ತಾಳ್ಮೆಯಿಂದ ಕಾಯುವ ಗುಣವೂ ಅವರದೇ. ಮುಖ ಮಾತ್ರ ಬೇರೊಬ್ಬಳದು. ನಮ್ಮ ತೊಗಲುಗೊಂಬೆಯಾಟದಲ್ಲಿಯೂ ಆಡಿಸುವವನು ಪರದೆಯ ಹಿಂದೆಯೇ ಇರುತ್ತಾನೆ, ನಿಜ. ಆದರೆ ಆಡಿಸಿದವನಾರೆಂಬುದು ಊರಿಗೆಲ್ಲ ಗೊತ್ತಿರುತ್ತದೆ.

ಈಗಿನ ಕೃತಕಬುದ್ಧಿಮತ್ತೆಯ ಹಿಂದೆ ಹಾಗೆ ಕುಳಿತು ಮಾತನಾಡುವ ಉಪಾಧ್ಯಾಯರಿಲ್ಲ. ಮನುಷ್ಯರು ಬರೆದ ಅಪಾರವಾದ ವಾಙ್ಮಯರಾಶಿಯಿಂದ ಪದಗಳ ಸಂಬಂಧವನ್ನು ಕಲಿತು ಯಂತ್ರವು ಉತ್ತರವನ್ನು ರಚಿಸುತ್ತದೆ. ಸರಿಯಾದುದನ್ನು ಹೇಳುವ ಧಾಟಿಯಲ್ಲಿಯೇ ತಪ್ಪನ್ನೂ ಹೇಳಬಲ್ಲುದಾದ ಕಾರಣ, ಅದನ್ನು ಪರಿಶೀಲಿಸುವ ಹೊಣೆಯು ತರಗತಿಯಲ್ಲಿರುವವರ ಪಾಲಿಗೆ ಹೊಸದಾಗಿ ಬಂದಿದೆ. ಅದೇ ಕೊರಿಯದಲ್ಲಿ 2025ನೆಯ ಮಾರ್ಚಿಯಲ್ಲಿ ಗಣಿತ, ಇಂಗ್ಲಿಷ್ ಮೊದಲಾದ ವಿಷಯಗಳಿಗೆ ಕೃತಕಬುದ್ಧಿಮತ್ತೆಯ ಪಠ್ಯಪುಸ್ತಕಗಳು ಬಳಕೆಗೆ ಬಂದವು. ಉಪಾಧ್ಯಾಯರೂ ತಂದೆತಾಯಿಗಳೂ ಆಕ್ಷೇಪಿಸಿದುದರಿಂದ, ಎಲ್ಲ ಶಾಲೆಗಳಿಗೂ ವಿಧಿಸಬೇಕೆಂದಿದ್ದ ಮೊದಲಿನ ಸಂಕಲ್ಪವನ್ನು ಬಿಟ್ಟು, ಬೇಕಾದವರು ಆರಿಸಿಕೊಳ್ಳಬಹುದೆಂದು ಮಾಡಿದ್ದರು. ಆಗಸ್ಟಿನಲ್ಲಿ ಶಾಸನಸಭೆಯು ಅವುಗಳಿಗೆ ಪಠ್ಯಪುಸ್ತಕವೆಂಬ ಪದವಿಯನ್ನೇ ತಪ್ಪಿಸಿ ಪೂರಕಸಾಮಗ್ರಿಯ ಸಾಲಿಗೆ ಸೇರಿಸಿತು.

ಭಾಷೆಯನ್ನು ಕಲಿಸುವವರಿಗೆ ಇದರಲ್ಲಿ ಒಂದು ವಿಶೇಷವಾದ ಚಿಂತೆಯುಂಟು. ಹಳೆಯ ಮೈಸೂರು ಸೀಮೆಯ ಹಳ್ಳಿಯ ಬಾಲಕನು ‘ಹಾಲು’ ಎಂಬುದನ್ನು ‘ಆಲು’ ಎಂದೂ ‘ಆನೆ’ ಎಂಬುದನ್ನು ‘ಹಾನೆ’ ಎಂದೂ ಬರೆಯುವುದುಂಟು. ಮೊದಲನೆಯದು ಮನೆಯ ಮಾತು. ಎರಡನೆಯದು ಹಾಗಲ್ಲ, ತಿದ್ದಿಸಿಕೊಂಡು ತಿದ್ದಿಸಿಕೊಂಡು ಅಂಜಿದ ಹುಡುಗನು ಬೇಡದ ಕಡೆಯಲ್ಲಿಯೂ ಹಕಾರವನ್ನು ಹಾಕಿದ್ದಾನೆ. ಯಂತ್ರವು ಎರಡನ್ನೂ ಕ್ಷಣದಲ್ಲಿ ತಿದ್ದುತ್ತದೆ. ಬೇಕಾದರೆ ಎಣಿಸಿ ಪಟ್ಟಿಯನ್ನೂ ಕೊಡುತ್ತದೆ. ಆದರೆ ಈ ಹುಡುಗನನ್ನು ಇನ್ನು ಕೆಲವು ದಿವಸ ತಿದ್ದದೆ ಬಿಡುವುದು ಲೇಸೆಂಬ ತೀರ್ಮಾನವು, ಅವನ ಬರಹವನ್ನು ಕೈಯಲ್ಲಿ ಹಿಡಿದು ಅವನ ಮುಖವನ್ನೂ ನೋಡಿದ ಉಪಾಧ್ಯಾಯರಿಗೆ ಹೊಳೆಯತಕ್ಕದ್ದು. ಪ್ರೆಸ್ಸಿಯು ಬೇಸರದ್ದೆಂದು ತಿಳಿದ ಕೆಲಸದಲ್ಲಿ ಈ ಅರಿವೂ ಅಡಗಿದೆ. ಆದಕಾರಣ ನಮ್ಮ ಶಾಲೆಗಳಲ್ಲಿ ಪ್ರಬಂಧಗಳನ್ನು ಯಂತ್ರದಿಂದ ತಿದ್ದಿಸುವ ಪದ್ಧತಿ ಬರುವುದಾದರೆ, ತಿದ್ದುವುದಕ್ಕೆ ಮುಂಚಿನ ಪ್ರತಿಯು ಹುಡುಗನ ಸ್ವಂತ ಅಕ್ಷರದಲ್ಲಿಯೇ ಮೊದಲು ಉಪಾಧ್ಯಾಯರ ಮೇಜಿಗೆ ಬರುವಂತೆ ಏರ್ಪಡಿಸುವುದು ಅಗತ್ಯ. ಅದನ್ನು ಓದುವುದಕ್ಕೆ ಬೇಕಾದ ಕಾಲವನ್ನು ವೇಳಾಪಟ್ಟಿಯಲ್ಲಿಯೂ ಕಾಣಿಸಬೇಕು.