ಅಣುಯುದ್ಧದ ಬಹಿಷ್ಕೃತರು

ಬೆಂಗಳೂರಿನ ಪೂರ್ವಭಾಗದ ಹೊಸ ತಿಪ್ಪಸಂದ್ರದ ಮಾರುಕಟ್ಟೆ ಬೀದಿಯಲ್ಲಿ ಹಣ್ಣಿನ ಅಂಗಡಿಯೊಂದರ ಮುಂದೆ ನಿಂತರೆ, ಕಳಿತ ಬಾಳೆಹಣ್ಣಿನ ಸುತ್ತ ಎಳ್ಳಿನ ಗಾತ್ರದ ನೊಣಗಳು ಹಾರಾಡುವುದು ಕಾಣುತ್ತದೆ. ಅಂಗಡಿಯವನು ಕೈಬೀಸಿ ಓಡಿಸಿದರೆ ಕ್ಷಣಮಾತ್ರದಲ್ಲಿ ಅವು ಮರಳಿ ಬರುತ್ತವೆ. ಡ್ರೋಸೋಫಿಲಾ ಎಂದು ಕರೆಯಲ್ಪಡುವ ಈ ಹಣ್ಣಿನ ನೊಣ ಜೀವವಿಜ್ಞಾನಿಗಳಿಗೆ ಬಹುಕಾಲದ ಒಡನಾಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದರ ತಳಿಗಳನ್ನು ಸಾಕಿ ಕಾಪಾಡುವ ಕೇಂದ್ರವೇ ಇದೆ. ಅಣುಯುದ್ಧದ ಅನಂತರದ ಲೋಕವನ್ನು ಬಣ್ಣಿಸುವ ವೈಜ್ಞಾನಿಕ ಕಥೆಗಳಲ್ಲಿ ಸುಳಿದಾಡುವ ವಿಚಿತ್ರ ಮನುಷ್ಯರ ಕಲ್ಪನೆಗೂ ಈ ನೊಣಕ್ಕೂ ಹತ್ತಿರದ ನಂಟು ಉಂಟು.

ಜೀವಿಗಳ ಲಕ್ಷಣಗಳನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸುವ ಘಟಕಗಳೇ ವಂಶವಾಹಿಗಳು. ಅವುಗಳಲ್ಲಿ ಒಮ್ಮೊಮ್ಮೆ ತಾನಾಗಿಯೇ ಉಂಟಾಗುವ ಬದಲಾವಣೆಯನ್ನು ಉತ್ಪರಿವರ್ತನೆ ಎನ್ನುತ್ತಾರೆ. ಪ್ರಕೃತಿಯಲ್ಲಿ ಇದು ಅಪರೂಪ. 1927ರಲ್ಲಿ ಅಮೆರಿಕದ ಎಚ್. ಜೆ. ಮುಲ್ಲರ್ ಎಂಬ ವಿಜ್ಞಾನಿ ಹಣ್ಣಿನ ನೊಣಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿದಾಗ ಉತ್ಪರಿವರ್ತನೆಗಳು ನೂರು ಪಟ್ಟಿಗೂ ಮಿಕ್ಕಿ ಹೆಚ್ಚಿದವೆಂದು ಪ್ರಕಟಿಸಿದನು. ಅವುಗಳಲ್ಲಿ ಹೆಚ್ಚಿನವು ಜೀವಿಗೆ ಹಾನಿಕರವಾದವು. ಎಷ್ಟೋ ಬದಲಾವಣೆಗಳು ಕಣ್ಣಿಗೆ ಕಾಣದೆ ಹಲವು ತಲೆಮಾರು ಅಡಗಿದ್ದು ಮುಂದೆಂದೋ ತಲೆಯೆತ್ತುವಂಥವು. ಈ ಶೋಧನೆಗಾಗಿ ಮುಲ್ಲರನಿಗೆ ನೊಬೆಲ್ ಪಾರಿತೋಷಕ ದೊರೆತುದು 1946ರಲ್ಲಿ. ಅದರ ಹಿಂದಿನ ವರ್ಷ, 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ, 9ರಂದು ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದಿತ್ತು. ನೊಣಕ್ಕೆ ಆದದ್ದು ಮನುಷ್ಯನಿಗೂ ಆಗುವುದೇ ಎಂಬ ಭೀತಿ ಲೋಕವನ್ನೆಲ್ಲ ಆವರಿಸಿತು.

ಕಥೆಗಾರರು ಈ ಭೀತಿಯನ್ನು ಕೈಗೆತ್ತಿಕೊಂಡರು. ಇಂಗ್ಲೆಂಡಿನ ಜಾನ್ ವಿಂಡಮ್ 1955ರಲ್ಲಿ ಪ್ರಕಟಿಸಿದ ‘ದಿ ಕ್ರಿಸಲಿಡ್ಸ್’ ಎಂಬ ಕಾದಂಬರಿಯಲ್ಲಿ, ಮಹಾವಿನಾಶದಿಂದ ಉಳಿದ ಜನ ದೇಹದ ಲಕ್ಷಣಗಳನ್ನು ಧರ್ಮಗ್ರಂಥದಂತೆ ಒರೆಹಚ್ಚಿ ನೋಡುತ್ತಾರೆ. ಕಾಲಿನಲ್ಲಿ ಆರು ಬೆರಳಿರುವ ಪುಟ್ಟ ಹುಡುಗಿಯೊಬ್ಬಳು ಅವರ ಕಣ್ಣಿಗೆ ಪಾಪದ ಗುರುತಾಗುತ್ತಾಳೆ. ಅಂಥವರನ್ನು ಊರಿನಿಂದಾಚೆಗೆ, ಕಾಡುಪ್ರದೇಶಕ್ಕೆ ಅಟ್ಟಲಾಗುತ್ತದೆ. (ಆರು ಬೆರಳಿನ ಮಗುವನ್ನು ಅದೃಷ್ಟವಂತನೆಂದು ಮುದ್ದಿಸುವವರು ನಮ್ಮಲ್ಲಿ ಉಂಟು!) ಇಂಥ ಕಥೆಗಳ ಪೈಕಿ ಬಹಳಷ್ಟು ಕೇವಲ ಭಯಾನಕ, ವಿಂಡಮನ ಕೃತಿಯಂಥ ಕೆಲವು ಮಾತ್ರ ಹೊರಗಟ್ಟಲ್ಪಟ್ಟವರ ಪಕ್ಷದಲ್ಲಿ ನಿಂತು ನೋಡುತ್ತವೆ.

ಕಥೆಯಲ್ಲಿನ ಬಹಿಷ್ಕಾರ ಕಲ್ಪನೆಯಾಗಿಯೇ ಉಳಿಯಲಿಲ್ಲ. ಬಾಂಬಿನಿಂದ ಬದುಕಿ ಉಳಿದವರನ್ನು ಜಪಾನೀ ಭಾಷೆಯಲ್ಲಿ ‘ಹಿಬಾಕುಷಾ’ ಎನ್ನುತ್ತಾರೆ. ಸುಟ್ಟಗಾಯಗಳ ಕಲೆಗಳು ಮುಖದ ಮೇಲೆ ಗಂಟುಗಟ್ಟಿದ್ದವರಿಗೆ ಕೆಲಸ ಸಿಕ್ಕುವುದು ಕಷ್ಟವಾಯಿತು. ಕಲೆಯಿಲ್ಲದವರ ಪಾಡು ಬೇರೆ ಬಗೆಯದು. ಸಂಬಂಧ ಬೆಳೆಸುವ ಮುನ್ನ ಮನೆತನವನ್ನು ವಿಚಾರಿಸುವ ಪದ್ಧತಿ ನಮ್ಮಲ್ಲಿರುವಂತೆ ಜಪಾನಿನಲ್ಲಿಯೂ ಇತ್ತು. ಹಿರೋಷಿಮಾ ಎಂಬ ಊರಿನ ಹೆಸರು ಕೇಳುತ್ತಲೇ ಕೂಡಿಬಂದ ಎಷ್ಟೋ ಮದುವೆಗಳು ಮುರಿದುಬಿದ್ದವು. ಅಂಗವಿಕಲ ಮಕ್ಕಳು ಹುಟ್ಟುತ್ತವೆ, ವಂಶ ಕೆಡುತ್ತದೆ ಎಂಬುದೇ ಕಾರಣ. 1957ರ ಕಾನೂನಿನಂತೆ ಬಾಂಬುಪೀಡಿತರಿಗೆ ಉಚಿತ ತಪಾಸಣೆಯ ಪ್ರಮಾಣಪುಸ್ತಕ ದೊರೆಯುವಂತಾದರೂ, ಅದನ್ನು ಪಡೆದರೆ ಮಗಳಿಗೆ ವರ ಸಿಕ್ಕಲಾರನೆಂದು ಅಂಜಿ ಸುಮ್ಮನಿದ್ದವರು ಅನೇಕರು.

ಈ ಅಂಜಿಕೆಗೆ ಆಧಾರವಿತ್ತೆ? ಅದನ್ನು ತಿಳಿಯಲು ಅಮೆರಿಕದ ಜೇಮ್ಸ್ ನೀಲ್ ಮತ್ತು ವಿಲಿಯಂ ಶಲ್ ಎಂಬ ವಿಜ್ಞಾನಿಗಳು ಜಪಾನೀ ವೈದ್ಯರೊಡನೆ ಸೇರಿ ಬಹುದೊಡ್ಡ ಪರಿಶೀಲನೆಯೊಂದನ್ನು ಕೈಗೊಂಡರು. ಬಸುರಿಯರನ್ನು ಹುಡುಕುವುದೆಂತು ಎಂಬುದು ಮೊದಲ ತೊಡಕು. ಯುದ್ಧದಿಂದ ಬಡವಾಗಿದ್ದ ಆ ದೇಶದಲ್ಲಿ ಐದು ತಿಂಗಳು ತುಂಬಿದ ಗರ್ಭಿಣಿಗೆ ಹೆಚ್ಚಿನ ಪಡಿತರ ದೊರೆಯುತ್ತಿತ್ತು. ಪಡಿತರಕ್ಕಾಗಿ ಹೆಸರು ಬರೆಸಲು ಬಂದವರನ್ನೇ ಪರಿಶೀಲನೆಯ ಪಟ್ಟಿಗೂ ಸೇರಿಸಿಕೊಳ್ಳಲಾಯಿತು. ಹೆರಿಗೆಯ ಸುದ್ದಿಯನ್ನು ಸೂಲಗಿತ್ತಿಯರು ತಿಳಿಸುತ್ತಿದ್ದರು. ವೈದ್ಯರು ಮನೆಗೆ ತೆರಳಿ ಕೂಸನ್ನು ನೋಡುತ್ತಿದ್ದರು. 1948ರಿಂದ 1954ರವರೆಗೆ ಹೀಗೆ ಸುಮಾರು 77,000 ಶಿಶುಗಳ ಪರಿಶೀಲನೆ ನಡೆಯಿತು. ಬಾಂಬಿಗೆ ಸಿಕ್ಕದ ತಂದೆತಾಯಿಗಳ ಮಕ್ಕಳೂ ಹೋಲಿಕೆಗಾಗಿ ಅದರಲ್ಲಿ ಸೇರಿದ್ದರು. ತಪಾಸಣೆ ಮಾಡುವವರು ಚಿಕಿತ್ಸೆ ಕೊಡುತ್ತಿರಲಿಲ್ಲ. ಈ ಬಗ್ಗೆ ಜನರಲ್ಲಿ ಎದ್ದ ಕಹಿ ನ್ಯಾಯವಾದುದೇ ಆಗಿತ್ತು.

ಫಲಿತಾಂಶ 1956ರಲ್ಲಿ ಪ್ರಕಟವಾಯಿತು. ಹುಟ್ಟಿನಿಂದ ಬಂದ ವಿಕಲತೆಯ ಪ್ರಮಾಣ ಬಾಂಬುಪೀಡಿತರ ಮಕ್ಕಳಲ್ಲಿ ಗುರುತಿಸಬಹುದಾದಷ್ಟು ಹೆಚ್ಚಾಗಿರಲಿಲ್ಲ. ವಿಕಿರಣದಿಂದ ಕೇಡಾಗಲಿಲ್ಲವೆಂದು ಇದರ ಅರ್ಥವಲ್ಲ. ಬದುಕಿ ಉಳಿದವರಲ್ಲಿ ರಕ್ತದ ಕ್ಯಾನ್ಸರು ಕೆಲವೇ ವರ್ಷಗಳಲ್ಲಿ ಹೆಚ್ಚಿತು. ಇತರ ಕ್ಯಾನ್ಸರುಗಳ ಅಪಾಯ ಜೀವಮಾನವಿಡೀ ಅವರನ್ನು ಹಿಂಬಾಲಿಸಿತು. ಬಾಂಬು ಬಿದ್ದ ದಿನ ತಾಯಿಯ ಗರ್ಭದಲ್ಲಿದ್ದ ಕೆಲವು ಮಕ್ಕಳು ಸಣ್ಣ ತಲೆ, ಬೆಳೆಯದ ಬುದ್ಧಿಯೊಡನೆ ಹುಟ್ಟಿದರು. ಆದರೆ ಇದು ವಿಕಿರಣವು ಆ ಭ್ರೂಣಕ್ಕೇ ನೇರವಾಗಿ ಮಾಡಿದ ಹಾನಿ. ವಂಶವಾಹಿಯ ಮೂಲಕ ಬಂದುದಲ್ಲ. ಈ ಎರಡನ್ನೂ ಒಂದೇ ಎಂದು ಜನ ಬಗೆದದ್ದೇ ಅನರ್ಥಕ್ಕೆ ಕಾರಣವಾಯಿತು.

ನೊಣದಲ್ಲಿ ಕಂಡದ್ದು ಮನುಷ್ಯನಲ್ಲಿ ಏಕೆ ಕಾಣಲಿಲ್ಲ? ಮನುಷ್ಯನನ್ನು ಕೊಲ್ಲಲು ಸಾಕಾಗುವ ವಿಕಿರಣಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನದನ್ನು ನೊಣ ತಾಳಿಕೊಳ್ಳಬಲ್ಲುದು. ಅಷ್ಟು ವಿಕಿರಣ ತಗುಲಿದ ಮನುಷ್ಯ ಮಕ್ಕಳನ್ನು ಪಡೆಯುವವರೆಗೆ ಬದುಕಿರಲಾರ. ಉಳಿದವರಲ್ಲಿ ಬಹುಮಂದಿಗೆ ತಗುಲಿದ ಪ್ರಮಾಣ ಕಡಮೆ. ಜೀವಕೋಶವು ತನಗಾದ ಗಾಯವನ್ನು ಒಂದು ಮಿತಿಯವರೆಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಕಣ್ಣಿಗೆ ಬೀಳದಷ್ಟು ಸಣ್ಣ ಬದಲಾವಣೆಗಳು ಆಗಿರಲಾರವೆಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಕಥೆಗಳ ಬಹಿಷ್ಕೃತ ಕುಲವಂತೂ ಹುಟ್ಟಲಿಲ್ಲ.

ಹಿಬಾಕುಷಾಗಳು 1956ರಲ್ಲಿ ತಮ್ಮದೇ ಸಂಘಟನೆ ‘ನಿಹೋನ್ ಹಿದಾನ್ಕ್ಯೊ’ವನ್ನು ಕಟ್ಟಿಕೊಂಡು, ಮುಚ್ಚಿಟ್ಟಿದ್ದ ಗಾಯಗಳನ್ನು ತೋರಿಸಿ ಸಭೆಗಳಲ್ಲಿ ಮಾತನಾಡತೊಡಗಿದರು. 2024ರ ನೊಬೆಲ್ ಶಾಂತಿ ಪಾರಿತೋಷಕ ಆ ಸಂಘಟನೆಗೆ ಸಂದಿತು. ಅಂದು ಸೂಲಗಿತ್ತಿಯರು ಸುದ್ದಿ ತಂದ ಆ ಕೂಸುಗಳಿಗೆ ಈಗ ಎಪ್ಪತ್ತು ದಾಟಿದೆ. ಹಿಬಾಕುಷಾಗಳ ಮಕ್ಕಳ ತಪಾಸಣೆ ಹಿರೋಷಿಮಾ, ನಾಗಸಾಕಿಗಳಲ್ಲಿ ಇಂದಿಗೂ ನಡೆದಿದೆ.