ಫಲಾಗಮವಿಲ್ಲದ ನಿರ್ವಹಣ

ನಾಟಕದ ಕಾರ್ಯಕ್ಕೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ ಎಂಬ ಐದು ಅವಸ್ಥೆಗಳನ್ನು ನಮ್ಮ ಲಾಕ್ಷಣಿಕರು ಹೇಳಿರುವರು. ಪತ್ತೇದಾರಿ ಕಥೆಯೂ ಬಹುಮಟ್ಟಿಗೆ ಈ ಕ್ರಮವನ್ನೇ ಅನುಸರಿಸತಕ್ಕದ್ದು; ಅಪರಾಧಿಯು ಕೈಗೆ ಸಿಕ್ಕುವುದೇ ಅಲ್ಲಿ ಫಲ. ದಕ್ಷಿಣ ಕೊರಿಯಾದ ನಿರ್ದೇಶಕರಾದ ಬಾಂಗ್ ಜೂನ್-ಹೋ ಅವರು 2003ರಲ್ಲಿ ಹೊರತಂದ ‘ಮೆಮೊರೀಸ್ ಆಫ್ ಮರ್ಡರ್’ ಎಂಬ ಚಲಚ್ಚಿತ್ರವಾದರೋ ಆ ಫಲವನ್ನು ಕೊಡದೆಯೇ ಮುಗಿಯುತ್ತದೆ. ಇದು ದೋಷವೋ ಗುಣವೋ ಎಂಬುದೇ ಪ್ರಕೃತ ವಿಚಾರ.

ಹ್ವಾಸಂಗ್ ಎಂಬ ಪ್ರಾಂತದಲ್ಲಿ 1986ರಿಂದ 1991ರ ವರೆಗೆ ನಡೆದ ಹತ್ತು ಸ್ತ್ರೀಹತ್ಯೆಗಳೇ ಈ ಚಿತ್ರಕ್ಕೆ ಆಧಾರ. ಇದರಲ್ಲಿ ಪತ್ತೇದಾರರು ಇಬ್ಬರು. ಹಳ್ಳಿಯ ಪಾರ್ಕ್ ಮುಖ ನೋಡಿಯೇ ಅಪರಾಧಿಯನ್ನು ಗುರುತಿಸಬಲ್ಲೆನೆಂದು ನಂಬಿದವನು. ರಾಜಧಾನಿಯಿಂದ ಬಂದ ಸಿಯೊ ಕಾಗದಪತ್ರಗಳು ಸುಳ್ಳಾಡವೆಂದು ನಂಬಿದವನು. ಕೊನೆಯ ಶಂಕಿತನ ವಿಷಯದಲ್ಲಿ ಅಮೆರಿಕದಿಂದ ಪರೀಕ್ಷಾಪತ್ರವು ಬರಬೇಕಾಗಿರುತ್ತದೆ. ಇದೇ ನಿಯತಾಪ್ತಿಯ ಸ್ಥಾನ. ಪತ್ರವು ಬಂದು, ಸಾಕ್ಷ್ಯವು ಹೊಂದುವುದಿಲ್ಲವೆಂದು ತಿಳಿಸುತ್ತದೆ. ಆಗ ಕಾಗದವನ್ನು ನಂಬಿದವನು ಕಾಗದವನ್ನೇ ಧಿಕ್ಕರಿಸಿ ಶಂಕಿತನನ್ನು ಗುಂಡಿಕ್ಕಿ ಕೊಲ್ಲಲೆಳಸುತ್ತಾನೆ. ಕಣ್ಣನ್ನು ನಂಬಿದವನು ಅವನನ್ನು ದಿಟ್ಟಿಸಿ ನೋಡಿ, ತನಗೆ ತಿಳಿಯದೆಂದು ಒಪ್ಪಿಕೊಳ್ಳುತ್ತಾನೆ. ಹೀಗೆ ಇಬ್ಬರ ಪ್ರಮಾಣಗಳೂ ಒಂದೇ ಕ್ಷಣದಲ್ಲಿ ಮುರಿದುಬೀಳುತ್ತವೆ.

ಉಪಸಂಹಾರವು 2003ರಲ್ಲಿ ನಡೆಯುತ್ತದೆ. ಪೋಲೀಸು ಕೆಲಸವನ್ನು ಬಿಟ್ಟು ವ್ಯಾಪಾರಿಯಾಗಿರುವ ಪಾರ್ಕ್, ಮೊದಲ ಶವವು ದೊರೆತ ಗದ್ದೆಯಂಚಿನ ಮೋರಿಯೊಳಕ್ಕೆ ಬಗ್ಗಿ ನೋಡುತ್ತಾನೆ. ಕೆಲವು ದಿನಗಳ ಹಿಂದೆ ಇನ್ನೊಬ್ಬನೂ ಹೀಗೆಯೇ ನೋಡಿ ಹೋದನೆಂದು ಹುಡುಗಿಯೊಬ್ಬಳು ಹೇಳುತ್ತಾಳೆ. ಅವನ ಮುಖ ಹೇಗಿತ್ತೆಂದರೆ, ಸಾಧಾರಣವಾಗಿತ್ತೆಂಬುದೇ ಉತ್ತರ. ಪಾರ್ಕ್ ತಲೆಯೆತ್ತಿ ನೇರವಾಗಿ ಪ್ರೇಕ್ಷಕರನ್ನು ನೋಡುತ್ತಾನೆ. ಅಲ್ಲಿಗೆ ಚಿತ್ರವು ಮುಗಿಯಿತು. ಕೊಲೆಗಾರನು ಚಿತ್ರವನ್ನು ನೋಡಿಯಾನೆಂಬ ಎಣಿಕೆಯಿಂದ ಈ ದೃಷ್ಟಿಯನ್ನು ಯೋಜಿಸಿದುದಾಗಿ ನಿರ್ದೇಶಕರು ಹೇಳಿರುವರು.

ನಿಜವಾದ ಅಪರಾಧಿ ಈ ಚ್ಹುನ್-ಜೇ ಎಂಬವನೆಂದು 2019ರಲ್ಲಿ ಡಿ. ಎನ್. ಎ. ಪರೀಕ್ಷೆಯಿಂದ ಗೊತ್ತಾಯಿತು. 1994ರಲ್ಲಿ ಹೆಂಡತಿಯ ತಂಗಿಯನ್ನು ಕೊಂದುದಕ್ಕಾಗಿ ಅವನು ಆಗಲೇ ಸೆರೆಯಲ್ಲಿದ್ದನು. ಕಾಲಮಿತಿಯು 2006ರಲ್ಲಿ ತೀರಿದ್ದುದರಿಂದ ಹಳೆಯ ಕೊಲೆಗಳಿಗೆ ಅವನನ್ನು ದಂಡಿಸುವಂತಿರಲಿಲ್ಲ.

ಇದರಿಂದ ಮುಕ್ತಾಯವು ಹಳತಾಯಿತೆಂದು ಕೆಲವರು ಭಾವಿಸಬಹುದು. ನಮಗೆ ಹಾಗೆ ತೋರುವುದಿಲ್ಲ. 1988ರ ಎಂಟನೆಯ ಕೊಲೆಗೆ ನಿರಪರಾಧಿಯೊಬ್ಬನಿಂದ ತಪ್ಪೊಪ್ಪಿಗೆಯನ್ನು ಪಡೆದು ಶಿಕ್ಷೆ ವಿಧಿಸಲಾಗಿತ್ತು. ಅವನು ಸುಮಾರು 20 ವರ್ಷ ಸೆರೆಯಲ್ಲಿದ್ದು, 2020ರಲ್ಲಿ ನಿರ್ದೋಷಿಯೆಂದು ತೀರ್ಪಾಯಿತು. ಫಲವು ದೊರೆಯಲೇಬೇಕೆಂಬ ಹಟವು ರಂಗದ ಹೊರಗೆ ಒಬ್ಬನ ಯೌವನವನ್ನು ನುಂಗಿತು. ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಂಡ ಪಾರ್ಕನ ಮಾತೇ, ಆದಕಾರಣ, ಈ ಕೃತಿಯ ನಿಜವಾದ ಫಲವೆನ್ನಬೇಕು.